ಮೊದಲ ಆಲ್‌ಗ್ರೇನ್ ಬಿಯರ್‌ಗೆ ಕೂಲರ್ ಮ್ಯಾಶ್ ಟನ್: ಕೊಳ್ಳಬಹುದೇ?

ಮಾಲ್ಟ್ ಸಾರದ ಡಬ್ಬಿಗಳನ್ನು ಬಿಟ್ಟು ನೇರವಾಗಿ ಧಾನ್ಯದಿಂದಲೇ ಬಿಯರ್ ಮಾಡಬೇಕೆಂದು ಹೊರಟವರು ಮೊದಲು ಕೊಳ್ಳಬೇಕಾಗುವ ವಸ್ತು ಮ್ಯಾಶ್ ಟನ್. ನುಚ್ಚಾಗಿಸಿದ ಮಾಲ್ಟನ್ನು ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟು, ಅದರ ಪಿಷ್ಟ ಸಕ್ಕರೆಯಾದ ಮೇಲೆ ಸಿಹಿಯಾದ ದ್ರವವನ್ನು ಸೋಸಿ ತೆಗೆಯುವ ಪಾತ್ರೆ ಅದು. ನಾನು ಇಲ್ಲಿ ವಿಮರ್ಶಿಸುತ್ತಿರುವುದು 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುವ ದುಂಡನೆಯ ಪ್ಲಾಸ್ಟಿಕ್ ಕೂಲರ್‌ಗೆ ಸ್ಟೇನ್‌ಲೆಸ್ ಸ್ಟೀಲಿನ ಬಾಲ್ ವಾಲ್ವ್ ಮತ್ತು ಫಾಲ್ಸ್ ಬಾಟಮ್, ಅಂದರೆ ತಳದಲ್ಲಿ ಕೂರುವ ರಂಧ್ರಗಳುಳ್ಳ ಸೋಸುತಟ್ಟೆ, ಜೋಡಿಸಿ ಮಾರುವ ಕಿಟ್. ಅಮೆರಿಕದಲ್ಲಿ ಆಟದ ಮೈದಾನಗಳಲ್ಲಿಯೂ ಕಟ್ಟಡದ ಕೆಲಸ ನಡೆಯುವ ಕಡೆಗಳಲ್ಲಿಯೂ ತಣ್ಣೀರು ತುಂಬಿಸಿಡುವ ಕೂಲರ್ ಇದೇ. ಇದೇ ರಚನೆಯನ್ನು ಅನೇಕ ಅಂಗಡಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದಲೂ, ನಾನು ಹೇಳಬೇಕಾದುದು ಈ ರಚನೆಯ ಬಗ್ಗೆಯೇ ಆಗಿರುವುದರಿಂದಲೂ ಮಾರಿದವರ ಹೆಸರನ್ನು ಬರೆಯುತ್ತಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯಾಶ್ ಟನ್ನಿಗೆ ಇರುವುದು ಎರಡೇ ಕೆಲಸ: ಒಂದು ಗಂಟೆ ಶಾಖವನ್ನು ಹಿಡಿದಿಡುವುದು, ಆಮೇಲೆ ಹೊಟ್ಟನ್ನು ಒಳಗೇ ಉಳಿಸಿಕೊಂಡು ದ್ರವವನ್ನು ಹೊರಗೆ ಬಿಡುವುದು. ಮೊದಲನೆಯದನ್ನು ಈ ಕೂಲರ್ ಇದಕ್ಕಿಂತ ಹಲವು ಪಟ್ಟು ಬೆಲೆಯ ಉಪಕರಣಗಳಷ್ಟೇ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ನುಚ್ಚು ಸರಿಯಾಗಿದ್ದರೆ ಚೆನ್ನಾಗಿಯೇ ಮಾಡುತ್ತದೆ. ಕಿಟ್‌ನ ಜೊತೆಗೆ ಬರುವ ಉಳಿದ ಸಾಮಾನುಗಳಲ್ಲಿ, ವಿಶೇಷವಾಗಿ ಗೋಡೆಗೆ ಚುಚ್ಚಿ ಕೂರಿಸಿದ ಮುಳ್ಳಿನ ಥರ್ಮಾಮೀಟರಿನಲ್ಲಿ, ಹಣ ಹಾಕುವ ಅಗತ್ಯ ನನಗೆ ಕಂಡಿಲ್ಲ.

ಕನ್ನಡ ಓದುಗರಿಗೆ ಮಾಲ್ಟ್ ಅಪರಿಚಿತವಾದ ವಸ್ತುವಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಿಂದ ಮಕ್ಕಳಿಗೆ ಗಂಜಿ ಕಾಸಿದವರಿಗೆ, ಮೊಳಕೆಯ ರಾಗಿಯ ಗಂಜಿ ಸಾಮಾನ್ಯ ರಾಗಿಯ ಗಂಜಿಯಷ್ಟು ಗಟ್ಟಿಯಾಗುವುದಿಲ್ಲ, ಜೊತೆಗೆ ತುಸು ಸಿಹಿಯಾಗಿಯೂ ಇರುತ್ತದೆ ಎಂಬುದು ಗೊತ್ತಿರುತ್ತದೆ. ಮೊಳಕೆ ಒಡೆಯುವಾಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವಗಳು ಪಿಷ್ಟವನ್ನು ತುಂಡರಿಸುವುದೇ ಇದಕ್ಕೆ ಕಾರಣ. ಬಾರ್ಲಿಯ ಮಾಲ್ಟಿನಲ್ಲಿ ಆಗುವುದೂ ಇದೇ. ಆದರೆ ಅಲ್ಲಿ ಗಂಜಿ ತೆಳುವಾದರೆ ಸಾಲದು, ಪಿಷ್ಟದ ಬಹುಪಾಲು ಯೀಸ್ಟ್ ತಿನ್ನಬಲ್ಲ ಸಕ್ಕರೆಯಾಗಬೇಕು. ಮಾಲ್ಟ್ ಸಾರವನ್ನು ಬಳಸುವವರ ಪಾಲಿಗೆ ಈ ಕೆಲಸವನ್ನು ಕಾರ್ಖಾನೆಯೇ ಮುಗಿಸಿ, ನೀರಿನಂಶವನ್ನು ತೆಗೆದು ಪಾಕವಾಗಿ ಅಥವಾ ಪುಡಿಯಾಗಿ ಕೊಟ್ಟಿರುತ್ತದೆ. ಆಲ್‌ಗ್ರೇನ್ ಎಂದರೆ ಆ ಕೆಲಸವನ್ನು ನಾವೇ ವಹಿಸಿಕೊಳ್ಳುವುದು, ಅದರೊಂದಿಗೆ ಬಿಯರ್ ಎಷ್ಟು ಒಣದಾಗಿರಬೇಕು (ಅಂದರೆ ಅದರಲ್ಲಿ ಸಿಹಿ ಎಷ್ಟು ಕಡಿಮೆ ಉಳಿಯಬೇಕು), ಎಷ್ಟು ಮೈದುಂಬಿರಬೇಕು ಎಂಬ ನಿರ್ಧಾರವನ್ನೂ ವಹಿಸಿಕೊಳ್ಳುವುದು.

ಆ ನಿರ್ಧಾರ ನಿಂತಿರುವುದು ತಾಪಮಾನದ ಮೇಲೆ. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಕುಡಿದು ಬಿಚ್ಚಿಕೊಳ್ಳುತ್ತದೆ. ಅದಕ್ಕೂ ಮುಂಚೆ ಕಿಣ್ವಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಬೀಟಾ ಅಮೈಲೇಸ್ ಎಂಬುದು ಪಿಷ್ಟದ ಸರಪಳಿಯ ತುದಿಯಿಂದ ಮಾಲ್ಟೋಸ್ ಸಕ್ಕರೆಯನ್ನು ಒಂದೊಂದಾಗಿ ಕತ್ತರಿಸುತ್ತ ಬರುತ್ತದೆ, 60ರಿಂದ 65 ಡಿಗ್ರಿಯ ನಡುವೆ ಚುರುಕಾಗಿರುತ್ತದೆ, ಅದಕ್ಕಿಂತ ಮೇಲೆ ಹೋದಷ್ಟೂ ಬೇಗ ನಾಶವಾಗುತ್ತದೆ. ಆಲ್ಫಾ ಅಮೈಲೇಸ್ ಸರಪಳಿಯ ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ ಮತ್ತು 70 ಡಿಗ್ರಿಯ ಆಸುಪಾಸಿನಲ್ಲಿ ಅದರ ಕೆಲಸ ಜೋರು. ಹೀಗಾಗಿ 64 ಡಿಗ್ರಿಯಲ್ಲಿ ಮ್ಯಾಶ್ ಮಾಡಿದರೆ, ಅಂದರೆ ನುಚ್ಚನ್ನು ಬಿಸಿನೀರಿನಲ್ಲಿ ನೆನೆಸಿಟ್ಟರೆ, ಯೀಸ್ಟ್ ತಿನ್ನುವ ಸಕ್ಕರೆ ಹೆಚ್ಚಾಗಿ ಬಿಯರ್ ಹಗುರವಾಗಿಯೂ ಒಣದಾಗಿಯೂ ಬರುತ್ತದೆ. 69ರಲ್ಲಿ ಮಾಡಿದರೆ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಉಳಿದು ಬಾಯಿಗೆ ದಪ್ಪವೆನಿಸುತ್ತದೆ. ಇವೆರಡರ ನಡುವಿನ 66–67 ಡಿಗ್ರಿಯಲ್ಲಿ ಎರಡೂ ಕಿಣ್ವಗಳು ಕೂಡಿ ಕೆಲಸ ಮಾಡುತ್ತವೆ. ಮೊದಲ ಸಲಕ್ಕೆ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್ ಮಾಡುವವರು ಅಲ್ಲಿಯೇ ನಿಲ್ಲುವುದು ಲೇಸು. ಮೂರ್ನಾಲ್ಕು ಡಿಗ್ರಿಗಳಲ್ಲಿ ಬಿಯರಿನ ಗುಣವೇ ಬದಲಾಗುವಾಗ, ಪಾತ್ರೆ ಶಾಖವನ್ನು ಎಷ್ಟು ನಿಷ್ಠೆಯಿಂದ ಹಿಡಿದಿಡುತ್ತದೆ ಎಂಬುದೇ ಅದರ ಯೋಗ್ಯತೆಯ ಮುಖ್ಯ ಅಳತೆ.

ನಾನಿರುವುದು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ. ಇಲ್ಲಿನ ಚಳಿಗಾಲ ಇಂತಹ ಪಾತ್ರೆಗೆ ಕಠಿಣವಾದ ಪರೀಕ್ಷೆ. ಮನೆಯೊಳಗೆ, ಅಡುಗೆಮನೆಯ ನೆಲದ ಮೇಲೆ ಇಟ್ಟಾಗ, 67 ಡಿಗ್ರಿಗೆ ಕೂತ ಮ್ಯಾಶ್ ಒಂದು ಗಂಟೆಯ ನಂತರವೂ 66ರ ಮೇಲೆಯೇ ಇತ್ತು. ಹಿಮ ಸುರಿಯುವ ಕಾಲದಲ್ಲಿ ಶಾಖವಿಲ್ಲದ ಗ್ಯಾರೇಜಿನಲ್ಲಿ ಇಟ್ಟಾಗ ಸುಮಾರು ಎರಡು ಡಿಗ್ರಿ ಇಳಿಯಿತು. ಆ ಚಳಿಯಲ್ಲಿ ನಿಂತು ಕೂಲರ್‌ನ ಮೈಮೇಲೆ ಕೈ ಆಡಿಸಿದರೆ ಶಾಖ ಎಲ್ಲಿಂದ ಸೋರುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ: ಪಕ್ಕದ ಗೋಡೆಗಳು ತಣ್ಣಗಿದ್ದವು, ಮುಚ್ಚಳ ಮಾತ್ರ ಬೆಚ್ಚಗಿತ್ತು. ಗೋಡೆಗಳೊಳಗೆ ಫೋಮ್ ತುಂಬಿದ್ದರೂ ಈ ಮುಚ್ಚಳದೊಳಗೆ ಏನೂ ಇಲ್ಲ, ಅದು ಬರಿಯ ಟೊಳ್ಳು. ತಣ್ಣೀರಿಗೆಂದು ಮಾಡಿದ ವಸ್ತುವಿನಲ್ಲಿ ಇದು ಅಷ್ಟು ದೊಡ್ಡ ಕೊರತೆಯಲ್ಲ, ಏಕೆಂದರೆ ತಂಪು ಕೆಳಗೆ ಕೂರುತ್ತದೆ. ಬಿಸಿಯ ಮ್ಯಾಶ್‌ಗೆ ಅದು ಕೊರತೆಯೇ. ಮುಚ್ಚಳದ ಮೇಲೆ ದಪ್ಪನೆಯ ಟವೆಲ್ಲನ್ನೋ ಹಳೆಯ ಕಂಬಳಿಯನ್ನೋ ಹೊದಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಇಷ್ಟು ಬೆಲೆಗೆ ಮಾರುವವರು ಮುಚ್ಚಳದೊಳಗೆ ಕೂರುವ ಒಂದು ಫೋಮ್ ಬಿಲ್ಲೆಯನ್ನು ಕೊಡಬೇಕಿತ್ತು ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಆದರೆ ಪಾತ್ರೆ ಹಿಡಿದಿಡುವುದು ನಾವು ಕೊಟ್ಟ ತಾಪಮಾನವನ್ನೇ. ಮೊದಲು ಆ ತಾಪಮಾನಕ್ಕೆ ಮುಟ್ಟಬೇಕು. ಕೂಲರ್‌ನ ಅಡಿಯಲ್ಲಿ ಬೆಂಕಿ ಇಡಲಾಗದು. ನುಚ್ಚು ಸುರಿಯುವ ಮುನ್ನ ನೀರು ಎಷ್ಟು ಬಿಸಿಯಿರಬೇಕೆಂದು ಲೆಕ್ಕ ಹಾಕುವುದು ಅದಕ್ಕಾಗಿಯೇ, ಮತ್ತು ಲೆಕ್ಕ ಸರಳವಾಗಿದೆ. ಬೇಕಾದ ತಾಪಮಾನದಿಂದ ಧಾನ್ಯದ ತಾಪಮಾನವನ್ನು ಕಳೆಯಬೇಕು, ಬಂದುದನ್ನು 0.41ರಿಂದ ಗುಣಿಸಿ, ಪ್ರತಿ ಕಿಲೋ ಧಾನ್ಯಕ್ಕೆ ಬಳಸುವ ನೀರಿನ ಲೀಟರುಗಳಿಂದ ಭಾಗಿಸಬೇಕು. ಅದನ್ನು ಬೇಕಾದ ತಾಪಮಾನಕ್ಕೆ ಕೂಡಿಸಬೇಕು. ಕಿಲೋಗೆ 3 ಲೀಟರ್ ನೀರು, 20 ಡಿಗ್ರಿಯಲ್ಲಿರುವ ಧಾನ್ಯ, 67 ಡಿಗ್ರಿಯ ಗುರಿ ಎಂದಿಟ್ಟುಕೊಂಡರೆ ನೀರು ಸುಮಾರು 73.4 ಡಿಗ್ರಿ ಇರಬೇಕಾಗುತ್ತದೆ. ಅದೇ ಧಾನ್ಯದ ಚೀಲ ಚಳಿಗಾಲದ ಗ್ಯಾರೇಜಿನಲ್ಲಿದ್ದು 5 ಡಿಗ್ರಿಗೆ ಇಳಿದಿದ್ದರೆ ನೀರು 75.5 ಡಿಗ್ರಿ ಬೇಕು. ಈ ಎರಡು ಡಿಗ್ರಿಗಳ ಅಂತರವನ್ನು ಚಳಿನಾಡಿನಲ್ಲಿರುವವರು ಮರೆಯಬಾರದು.

ಈ ಲೆಕ್ಕದಲ್ಲಿ ಕೂಲರ್ ತಾನೇ ಹೀರುವ ಶಾಖ ಸೇರಿಲ್ಲ, ಮತ್ತು ಅದು ಒಂದೊಂದು ಕೂಲರ್‌ಗೆ ಒಂದೊಂದು ತೆರನಾಗಿರುತ್ತದೆ. ಅದನ್ನು ಅಳೆಯಲು ಹೋಗುವುದಕ್ಕಿಂತ ಸುಲಭವಾದ ದಾರಿಯಿದೆ. ನೀರನ್ನು 77–78 ಡಿಗ್ರಿಗೆ ಕಾಯಿಸಿ ಕೂಲರ್‌ಗೆ ಸುರಿದು ಮುಚ್ಚಬೇಕು, ಹತ್ತು ನಿಮಿಷ ಬಿಟ್ಟು ಕಲಕಿ ಅಳೆಯಬೇಕು, ಲೆಕ್ಕದ ತಾಪಮಾನಕ್ಕೆ ಇಳಿಯುವವರೆಗೆ ಮುಚ್ಚಳ ತೆರೆದು ಕಾದು, ಆಗ ನುಚ್ಚನ್ನು ಹಾಕಬೇಕು. ಅಷ್ಟರಲ್ಲಿ ಕೂಲರ್‌ನ ಒಳಮೈ ಕುಡಿಯಬೇಕಾದ ಶಾಖವನ್ನೆಲ್ಲ ಕುಡಿದು ಮುಗಿಸಿರುತ್ತದೆ. ಕುದಿಯುವ ನೀರನ್ನು ನೇರವಾಗಿ ಸುರಿದು ಬೆಚ್ಚಗಾಗಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಇಂತಹ ಕೂಲರ್‌ಗಳ ಒಳಪದರ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು. ಅತಿ ಬಿಸಿಗೆ ಅದು ಉಬ್ಬಿ ಸೊಟ್ಟಗಾಗುವುದುಂಟು, ಹಾಗಾದ ಮೇಲೆ ಫಾಲ್ಸ್ ಬಾಟಮ್ ಸಮನಾಗಿ ಕೂರುವುದಿಲ್ಲ.

ನುಚ್ಚನ್ನು ಹಾಕುವ ಕ್ಷಣದಲ್ಲಿ ಕೈ ಬಿಡುವಿಲ್ಲದೆ ಆಡುತ್ತಿರಬೇಕು. ಒಬ್ಬರು ನಿಧಾನವಾಗಿ ಸುರಿಯುತ್ತಿದ್ದರೆ ಇನ್ನೊಬ್ಬರು ಕಲಕುತ್ತಿರುವುದು ಉತ್ತಮ; ಇಲ್ಲವಾದರೆ ಒಳಗೆ ಒಣಹಿಟ್ಟನ್ನು ಬಚ್ಚಿಟ್ಟುಕೊಂಡ ಗಂಟುಗಳು ಉಳಿದು, ಅಲ್ಲಿನ ಪಿಷ್ಟ ಕಿಣ್ವಗಳ ಕೈಗೆ ಸಿಗದೆ ವ್ಯರ್ಥವಾಗುತ್ತದೆ. ಮನೆಯಲ್ಲಿದ್ದ ಮುದ್ದೆ ಕೋಲು ಗಂಟು ಒಡೆಯುವುದಕ್ಕೆ ಹೇಳಿ ಮಾಡಿಸಿದ ಸಾಧನವೇನೋ ಹೌದು, ಆದರೆ ಈ ಕೂಲರ್‌ನ ಆಳಕ್ಕೆ ಅದರ ಉದ್ದ ಸಾಲದು. ಉದ್ದ ಹಿಡಿಕೆಯ ಮ್ಯಾಶ್ ಪ್ಯಾಡಲ್ ಬೇಕೇ ಬೇಕು. ಮೊದಲ ಕೆಲವು ನಿಮಿಷ ದ್ರವ ಹಾಲಿನಂತೆ ಬೆಳ್ಳಗೆ ಮಸುಕಾಗಿರುತ್ತದೆ. ಕಾಲು ಗಂಟೆಯ ನಂತರ ಮುಚ್ಚಳ ಸರಿಸಿ ನೋಡಿದಾಗ ಮೇಲೆ ನಿಂತ ದ್ರವ ತಿಳಿಯಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಚಮಚದಲ್ಲಿ ತೆಗೆದು ಆರಿಸಿ ಬಾಯಿಗೆ ಹಾಕಿಕೊಂಡರೆ, ಆಗತಾನೆ ಹಿಟ್ಟಿನ ರುಚಿಯಿದ್ದದ್ದು ಈಗ ಸ್ಪಷ್ಟವಾಗಿ ಸಿಹಿಯಾಗಿತ್ತು. ಧಾನ್ಯದಿಂದ ಬಿಯರ್ ಮಾಡುವುದರಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು. ಪಿಷ್ಟ ಪೂರ್ತಿ ಕರಗಿತೇ ಎಂದು ಖಚಿತಪಡಿಸಿಕೊಳ್ಳುವವರು ಬಿಳಿ ತಟ್ಟೆಯ ಮೇಲೆ ಎರಡು ಹನಿ ದ್ರವವಿಟ್ಟು ಅಯೋಡಿನ್ ಮುಟ್ಟಿಸಬಹುದು. ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ, ಅಯೋಡಿನ್‌ನ ಬಣ್ಣವೇ ಉಳಿದರೆ ಕೆಲಸ ಮುಗಿದಿದೆ ಎಂದರ್ಥ. ಹೊಟ್ಟಿನ ಚೂರು ಬಿದ್ದರೆ ಅದು ಯಾವಾಗಲೂ ಕಪ್ಪಾಗುವುದರಿಂದ ತಿಳಿಯಾದ ದ್ರವವನ್ನೇ ತೆಗೆದುಕೊಳ್ಳಬೇಕು. ಪರೀಕ್ಷಿಸಿದ ಹನಿಗಳನ್ನು ಪಾತ್ರೆಗೆ ಮರಳಿ ಹಾಕಬಾರದು.

ಇನ್ನು ಎರಡನೆಯ ಕೆಲಸ, ಸೋಸುವುದು. ಕಿಟ್‌ನಲ್ಲಿರುವ ಫಾಲ್ಸ್ ಬಾಟಮ್ ನಡುವೆ ಉಬ್ಬಿದ, ತುಂಬ ಸಣ್ಣ ರಂಧ್ರಗಳ ದುಂಡನೆಯ ಸ್ಟೀಲ್ ತಟ್ಟೆ. ಅದರ ನಡುವಿನಿಂದ ಒಂದು ಸಿಲಿಕೋನ್ ಕೊಳವೆ ಹೊರಟು ವಾಲ್ವ್‌ನ ಒಳಬಾಯಿಗೆ ಸೇರುತ್ತದೆ. ನಿಜವಾಗಿ ಸೋಸುವುದು ಈ ತಟ್ಟೆಯಲ್ಲ, ಅದರ ಮೇಲೆ ಕೂರುವ ಹೊಟ್ಟಿನ ಹಾಸು. ತಟ್ಟೆ ಆ ಹಾಸನ್ನು ಹೊತ್ತುಕೊಂಡಿರುತ್ತದೆ ಅಷ್ಟೆ. ಆದ್ದರಿಂದ ವಾಲ್ವನ್ನು ಮೊದಲು ತುಸುವೇ ತೆರೆದು, ಬರುವ ಮಸುಕು ದ್ರವವನ್ನು ಜಗ್ಗಿನಲ್ಲಿ ಹಿಡಿದು, ಹಾಸು ಕದಡದಂತೆ ಮೇಲಿನಿಂದ ಮೆಲ್ಲಗೆ ಮರಳಿ ಸುರಿಯಬೇಕು. ಜರ್ಮನರು ಫೋರ್‌ಲಾಫ್ ಎಂದು ಕರೆಯುವ ಈ ಕ್ರಿಯೆಗೆ ಎರಡು ಮೂರು ಜಗ್ಗುಗಳಷ್ಟು ದ್ರವ ಸಾಕಾಯಿತು. ಅಷ್ಟರಲ್ಲಿ ಹೊಟ್ಟಿನ ಚೂರುಗಳು ನಿಂತು, ಗಾಜಿನ ಜಗ್ಗಿನ ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿಯಾದ ವರ್ಟ್, ಅಂದರೆ ಮುಂದೆ ಬಿಯರ್ ಆಗಲಿರುವ ಸಿಹಿ ದ್ರವ, ಬರತೊಡಗಿತು. ಈ ತಟ್ಟೆಯ ಕೆಲಸದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ.

ತಟ್ಟೆಯನ್ನು ವಾಲ್ವ್‌ಗೆ ಜೋಡಿಸಿದ ಬಗೆಯ ಬಗ್ಗೆ ಅಷ್ಟು ತೃಪ್ತಿಯಿಲ್ಲ. ಕೊಳವೆಯನ್ನು ತುಸು ಉದ್ದವಾಗಿ ಕತ್ತರಿಸಿ ಕೊಟ್ಟಿದ್ದರು. ಬಿಸಿಗೆ ಅದು ಮೆತ್ತಗಾಗಿ ಬಾಗಿದಾಗ ತಟ್ಟೆಯ ಒಂದು ಅಂಚನ್ನು ಮೇಲಕ್ಕೆ ಎತ್ತುತ್ತದೆ, ಎತ್ತಿದ ಸಂದಿನಿಂದ ನುಚ್ಚು ಕೆಳಗಿಳಿಯುತ್ತದೆ. ಎರಡು ಸೆಂಟಿಮೀಟರಿನಷ್ಟು ಕತ್ತರಿಸಿ ಎರಡೂ ತುದಿಗೆ ಸ್ಟೀಲಿನ ಕ್ಲಾಂಪ್ ಬಿಗಿದ ಮೇಲೆ ತಟ್ಟೆ ನೆಲಕ್ಕೆ ಕಚ್ಚಿ ಕೂತಿತು. ವಾಲ್ವ್‌ನ ಬುಡದ ಸಿಲಿಕೋನ್ ವಾಷರ್ ತಣ್ಣೀರಿನಲ್ಲಿ ಒಂದು ಹನಿಯನ್ನೂ ಬಿಡಲಿಲ್ಲ, 75 ಡಿಗ್ರಿಯ ನೀರಿನಲ್ಲಿ ಸಣ್ಣಗೆ ತೊಟ್ಟಿಕ್ಕಿತು. ಪ್ಲಾಸ್ಟಿಕ್ ಗೋಡೆ ಬಿಸಿಗೆ ಮೆದುವಾಗುವುದರಿಂದ ಹೀಗಾಗುತ್ತದೆ, ನಟ್ಟನ್ನು ಕಾಲು ಸುತ್ತು ಬಿಗಿದರೆ ನಿಲ್ಲುತ್ತದೆ. ಕಿಟ್ ಕೊಂಡವರು ಧಾನ್ಯ ಹಾಕುವ ಮುನ್ನ ಒಮ್ಮೆ ಬಿಸಿನೀರು ತುಂಬಿ ಅರ್ಧ ಗಂಟೆ ಬಿಟ್ಟು ನೋಡಲೇಬೇಕು. ಜೊತೆಗೆ ಬಂದ ಕಾಗದದಲ್ಲಿ ಈ ಮಾತು ಇರಲಿಲ್ಲ, ಇರಬೇಕಿತ್ತು.

ಸೋಸುವಿಕೆ ಸಿಕ್ಕಿಕೊಳ್ಳುವ ಸಮಸ್ಯೆಗೆ ಹೊಸಬರು ಪಾತ್ರೆಯನ್ನು ದೂರುವುದುಂಟು. ಬಹುಮಟ್ಟಿಗೆ ಅದರ ಕಾರಣ ಗಿರಣಿಯಲ್ಲಿರುತ್ತದೆ. ಕಾಳು ಎರಡು ಮೂರು ತುಂಡಾಗಿ ಒಡೆಯಬೇಕು, ಹೊಟ್ಟು ಮಾತ್ರ ಆದಷ್ಟೂ ಇಡಿಯಾಗಿ ಉಳಿಯಬೇಕು. ಎರಡು ಉರುಳೆಗಳ ಗಿರಣಿಯಲ್ಲಿ ಸುಮಾರು 1 ಮಿಲಿಮೀಟರ್ ಅಂತರ ಇದಕ್ಕೆ ಸರಿಯಾದ ಆರಂಭ. ಮಿಕ್ಸಿಯಲ್ಲಿ ಹಾಕಿದರೆ ಹೊಟ್ಟು ಹಿಟ್ಟಾಗಿ, ಹಾಸು ಅಂಟಾಗಿ, ವಾಲ್ವ್ ಪೂರ್ತಿ ತೆರೆದರೂ ಹನಿ ಬೀಳುವುದಿಲ್ಲ. ಧಾನ್ಯ ಮಾರುವ ಅಂಗಡಿಯವರೇ ನುಚ್ಚು ಮಾಡಿ ಕೊಡುತ್ತಾರೆ, ಮೊದಲ ಸಲಕ್ಕೆ ಅದನ್ನೇ ಒಪ್ಪಿಕೊಳ್ಳುವುದು ಒಳ್ಳೆಯದು; ಚೀಲ ಬಿಚ್ಚಿ ಒಂದು ಹಿಡಿ ಅಂಗೈ ಮೇಲೆ ಹರಡಿ ನೋಡಿದರೆ ಇಡಿಯ ಕಾಳು ಉಳಿದಿದೆಯೇ, ಹಿಟ್ಟು ಹೆಚ್ಚಾಗಿದೆಯೇ ಎಂಬುದು ತಿಳಿಯುತ್ತದೆ. ಗೋಧಿ ಅಥವಾ ಓಟ್ಸ್ ಹೆಚ್ಚಿರುವ ಬಿಯರ್‌ಗೆ ಹೊಟ್ಟಿನ ಕೊರತೆ ಬೀಳುವುದರಿಂದ ಭತ್ತದ ಹೊಟ್ಟನ್ನು ಒಂದೆರಡು ಹಿಡಿ ಬೆರೆಸುತ್ತಾರೆ. ನಮ್ಮ ಊರುಗಳ ರೈಸ್ ಮಿಲ್ಲಿನ ಹಿತ್ತಲಲ್ಲಿ ಗುಡ್ಡೆ ಬಿದ್ದಿರುವ ಅದೇ ಹೊಟ್ಟನ್ನು ಇಲ್ಲಿ ತೊಳೆದು, ಪೊಟ್ಟಣ ಕಟ್ಟಿ ಮಾರುತ್ತಾರೆ.

ನಾನು ಬಳಸಿದ್ದು ನಾಲ್ಕೂವರೆ ಕಿಲೋ ಪೇಲ್ ಮಾಲ್ಟ್ ಮತ್ತು ಅರ್ಧ ಕಿಲೋ ಕ್ರಿಸ್ಟಲ್ ಮಾಲ್ಟ್. ಪೇಲ್ ಮಾಲ್ಟ್ ಇದೇ ರಾಜ್ಯದ ಶಾಕೊಪಿಯಲ್ಲಿರುವ ರಾಹ್ರ್ ಕಂಪನಿಯದು. 1847ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ಈ ಕಂಪನಿಯ ಎರಡು ಸಾಲಿನ ಬಾರ್ಲಿಯ ಮಾಲ್ಟಿನಲ್ಲಿ ಕಿಣ್ವದ ಶಕ್ತಿ ಹೇರಳವಾಗಿದೆ, ಮೊದಲ ಮ್ಯಾಶ್‌ಗೆ ಧೈರ್ಯವಾಗಿ ಹಿಡಿಯಬಹುದು. ಐದು ಕಿಲೋಗೆ 15 ಲೀಟರ್ ನೀರು ಹಾಕಿದಾಗ ಮ್ಯಾಶ್ ಸುಮಾರು 18 ಲೀಟರ್ ಜಾಗ ಹಿಡಿಯುತ್ತದೆ, ಕೂಲರ್ ಅರ್ಧದಷ್ಟೇ ತುಂಬುತ್ತದೆ. ಧಾನ್ಯ ಕಿಲೋಗೆ ಸುಮಾರು 1 ಲೀಟರ್ ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ, ತಟ್ಟೆಯ ಕೆಳಗೆ ಇನ್ನೊಂದು ಲೀಟರಿನಷ್ಟು ಉಳಿಯುತ್ತದೆ. ಹಾಗಾಗಿ ಮೊದಲ ಬಸಿತದಲ್ಲಿ ಕೈಗೆ ಬರುವುದು 9 ಲೀಟರ್ ಮಾತ್ರ. ಹಾಸಿನಲ್ಲಿ ಅಂಟಿ ಉಳಿದ ಸಕ್ಕರೆಯನ್ನು ತೊಳೆದು ತೆಗೆಯುವುದಕ್ಕೆ ಸ್ಪಾರ್ಜ್ ಎನ್ನುತ್ತಾರೆ.

ಸ್ಪಾರ್ಜ್ ಮಾಡಲು ಎರಡು ದಾರಿಗಳಿವೆ. ಮೇಲಿನಿಂದ ಸಣ್ಣಗೆ ನೀರು ಚಿಮುಕಿಸುತ್ತ ಕೆಳಗಿನಿಂದ ಅಷ್ಟೇ ನಿಧಾನವಾಗಿ ಬಸಿಯುವುದು ಒಂದು. ಅದಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಸಮಯ ಬೇಕು, ಜೊತೆಗೆ ಇನ್ನೊಂದು ಬಿಸಿನೀರಿನ ಪಾತ್ರೆ ಬೇಕು. ಬಸಿಯುವ ದ್ರವ ತೀರ ತೆಳುವಾಗಿ ಅದರ ಪಿಎಚ್ 6ನ್ನು ದಾಟಿದರೆ ಹೊಟ್ಟಿನ ಒಗರು ಇಳಿಯತೊಡಗುತ್ತದೆ ಎಂಬ ಎಚ್ಚರವೂ ಬೇಕು. ಮೊದಲ ದ್ರವವನ್ನು ಪೂರ್ತಿ ಬಸಿದು, ಹೊಸ ಬಿಸಿನೀರನ್ನು ಒಟ್ಟಿಗೇ ಸುರಿದು, ಚೆನ್ನಾಗಿ ಕಲಕಿ, ಮತ್ತೆ ಬಸಿಯುವ ಬ್ಯಾಚ್ ಸ್ಪಾರ್ಜ್ ಇನ್ನೊಂದು. ಆರೆಗನ್‌ನ ಡೆನ್ನಿ ಕಾನ್ ಅವರು ಸಾಧಾರಣ ಕೂಲರ್ ಬಳಸಿ ಈ ಪದ್ಧತಿಯನ್ನು ಅಮೆರಿಕದ ಮನೆ ಬ್ರೂವರ್‌ಗಳಲ್ಲಿ ಜನಪ್ರಿಯಗೊಳಿಸಿದರು. ಈ ಕಿಟ್‌ನೊಂದಿಗೆ ತಿರುಗುವ ಸ್ಪಾರ್ಜ್ ಕೈಯೊಂದನ್ನು ಹೆಚ್ಚಿನ ಹಣಕ್ಕೆ ಕೊಡುತ್ತಾರೆ. ಮೊದಲ ಬಿಯರ್‌ಗೆ ಅದು ಬೇಡ. ನಾನು 77 ಡಿಗ್ರಿಯ 18 ಲೀಟರ್ ನೀರನ್ನು ಎರಡು ಪಾಲು ಮಾಡಿ ಬ್ಯಾಚ್ ಸ್ಪಾರ್ಜನ್ನೇ ಮಾಡಿದೆ. ವಾಲ್ವ್ ಪೂರ್ತಿ ತೆರೆದರೂ ಹಾಸು ಕುಸಿದು ಕಚ್ಚಿಕೊಳ್ಳಲಿಲ್ಲ, ಬೇರೆ ತೊಡಕೂ ಬರಲಿಲ್ಲ.

ಫಲಿತಾಂಶ: ಕುದಿಸುವ ಮುನ್ನ 27 ಲೀಟರ್, ಸಾಂದ್ರತೆ (ಬರಿಯ ನೀರನ್ನು 1.000 ಎಂದಿಟ್ಟುಕೊಂಡರೆ) 1.040. ಒಂದು ಗಂಟೆ ಕುದಿಸಿ 22 ಲೀಟರಿಗೆ ಇಳಿದಾಗ 1.049. ಧಾನ್ಯದಲ್ಲಿದ್ದ ಒಟ್ಟು ಸತ್ವದಲ್ಲಿ ಇದು ಸುಮಾರು 70 ಪ್ರತಿಶತ. ಮನೆಯ ಮೊದಲ ಮ್ಯಾಶ್‌ಗೆ ಇದು ಗೌರವದ ಅಂಕಿ ಎಂದು ನನ್ನ ನಂಬಿಕೆ. 75 ಅಥವಾ 80 ಪ್ರತಿಶತಕ್ಕಾಗಿ ಹೆಣಗುವುದಕ್ಕಿಂತ, ಪ್ರತಿ ಸಲವೂ ಅದೇ 70 ಬರುವಂತೆ ನೋಡಿಕೊಳ್ಳುವುದು ಮುಖ್ಯ. ಬಂದರೆ ಪಾಕವಿಧಾನವನ್ನು ಲೆಕ್ಕ ಹಾಕಿ ಬರೆಯಬಹುದು, ಅರ್ಧ ಕಿಲೋ ಮಾಲ್ಟ್ ಹೆಚ್ಚು ಬಿದ್ದರೆ ಬೀಳುವ ಖರ್ಚು ಒಂದೆರಡು ಡಾಲರ್. ಕಹಿಗೂ ಪರಿಮಳಕ್ಕೂ ಕ್ಯಾಸ್ಕೇಡ್ ತಳಿಯ ಹಾಪ್ಸ್ ಹೂವು ಹಾಕಿದ ಆ ಪೇಲ್ ಏಲ್ ಹುದುಗಿದ ಮೇಲೆ 1.011ಕ್ಕೆ ಇಳಿದು, ಸುಮಾರು 5 ಪ್ರತಿಶತ ಆಲ್ಕೋಹಾಲಿನದಾಗಿ ನಿಂತಿತು. ಮಾಲ್ಟ್ ಸಾರದ ಬಿಯರ್‌ನಲ್ಲಿ ನನಗೆ ಎಂದೂ ಸಿಗದಿದ್ದ, ಆಗಷ್ಟೇ ಸುಟ್ಟ ಬ್ರೆಡ್ಡಿನ ತುದಿಯ ಹಗುರವಾದ ಮಾಲ್ಟ್ ರುಚಿ ಅದರಲ್ಲಿತ್ತು.

ಈಗ ಥರ್ಮಾಮೀಟರಿನ ಮಾತು. ಕಿಟ್‌ನ ದುಬಾರಿ ಮಾದರಿಯಲ್ಲಿ ಕೂಲರ್‌ನ ಗೋಡೆಗೆ ಇನ್ನೊಂದು ತೂತು ಕೊರೆದು ಮುಳ್ಳಿನ ಥರ್ಮಾಮೀಟರ್ ಕೂರಿಸಿರುತ್ತಾರೆ. ಅದರ ಕಡ್ಡಿ ಗಿಡ್ಡ, ಗೋಡೆಯ ಹತ್ತಿರದ ಮ್ಯಾಶ್‌ನ ತಾಪಮಾನವನ್ನಷ್ಟೇ ಅದು ತೋರಿಸುತ್ತದೆ. ಅಂತಹ ಮಾದರಿಯೊಂದರ ನಡುವಿನಲ್ಲಿ ಡಿಜಿಟಲ್ ಕಡ್ಡಿ ಇಟ್ಟು ಅಳೆದಾಗ ಎರಡರ ನಡುವೆ ಮೂರು ಡಿಗ್ರಿಯ ವ್ಯತ್ಯಾಸ ಕಂಡಿತು. ಮೂರು ಡಿಗ್ರಿ ಎಂದರೆ ಒಣ ಬಿಯರಿಗೂ ಮೈದುಂಬಿದ ಬಿಯರಿಗೂ ಇರುವ ಅಂತರ. ಅಲ್ಲದೆ ಗೋಡೆಗೆ ಹೆಚ್ಚಿನ ತೂತು ಎಂದರೆ ಸೋರಲು ಹೆಚ್ಚಿನ ಜಾಗ. ಈ ಮಾದರಿಗೆ ಕೇಳುವ ಹೆಚ್ಚಿನ ಹಣದಲ್ಲಿ ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ಬರುತ್ತದೆ. ಅದನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಇಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಂಡು, ಮ್ಯಾಶ್‌ನ ಮೂರು ನಾಲ್ಕು ಕಡೆ ಚುಚ್ಚಿ ಅಳೆಯುವುದೇ ಸರಿಯಾದ ಕ್ರಮ.

ನೀರಿನ ವಿಷಯ ಪಾತ್ರೆಗೆ ಸಂಬಂಧಿಸಿದ್ದಲ್ಲವಾದರೂ ಮ್ಯಾಶ್‌ಗೆ ಸಂಬಂಧಿಸಿದೆ. ನಲ್ಲಿ ನೀರಿಗೆ ಕ್ಲೋರಮೈನ್ ಎಂಬ ಕ್ರಿಮಿನಾಶಕ ಬೆರೆಸುವ ಊರುಗಳಲ್ಲಿ ಅದನ್ನು ತೆಗೆಯದಿದ್ದರೆ ಬಿಯರ್‌ಗೆ ಔಷಧಿಯ ವಾಸನೆ ಹತ್ತುತ್ತದೆ. ಕುದಿಸಿದರೆ ಅದು ಸುಲಭವಾಗಿ ಹೋಗುವುದಿಲ್ಲ, ಆದರೆ ಅದನ್ನು ತೆಗೆಯಲು ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಮಾತ್ರೆ ಒಂದು ಸುಮಾರು 75 ಲೀಟರ್ ನೀರಿಗೆ ಸಾಕಾಗುತ್ತದೆ. ಮ್ಯಾಶ್‌ನ ಪಿಎಚ್ 5.2ರಿಂದ 5.6ರ ನಡುವೆ ಇರಬೇಕು. ಗಡಸು, ಕ್ಷಾರದ ನೀರಿರುವ ಕಡೆ ತಿಳಿ ಬಣ್ಣದ ಮಾಲ್ಟ್ ಅದನ್ನು ತಾನಾಗಿ ಇಳಿಸಲಾರದು. ಆಮ್ಲ ಮಾಲ್ಟನ್ನು ಧಾನ್ಯದ ತೂಕದ 1 ಪ್ರತಿಶತ ಬೆರೆಸಿದರೆ ಪಿಎಚ್ ಸರಿಸುಮಾರು 0.1ರಷ್ಟು ಇಳಿಯುತ್ತದೆ. ಮೊದಲ ಬಿಯರ್‌ಗೆ ಇದಕ್ಕಿಂತ ಹೆಚ್ಚಿನ ರಸಾಯನದ ಗೋಜು ಬೇಕಿಲ್ಲ.

ಇದೇ ಕೆಲಸಕ್ಕೆ ಬೇರೆ ಉಪಕರಣಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಬೆಳೆದುಬಂದ ಚೀಲದ ಪದ್ಧತಿಯಲ್ಲಿ ಧಾನ್ಯವನ್ನು ಜಾಳು ಬಟ್ಟೆಯ ಚೀಲದಲ್ಲಿ ಹಾಕಿ, ಕುದಿಸುವ ಪಾತ್ರೆಯಲ್ಲಿಯೇ ನೆನೆಸಿ, ಕೊನೆಗೆ ಚೀಲವನ್ನು ಎತ್ತಿಬಿಡುತ್ತಾರೆ. ಖರ್ಚಿನಲ್ಲಿ ಅದಕ್ಕೆ ಸಾಟಿಯಿಲ್ಲ, ಜಾಗ ಕಡಿಮೆಯಿರುವ ಅಪಾರ್ಟ್‌ಮೆಂಟಿಗೆ ಅದೇ ಒಳ್ಳೆಯದು. ಆದರೆ ಐದು ಕಿಲೋ ಧಾನ್ಯ ನೀರು ಕುಡಿದಾಗ ಹತ್ತು ಕಿಲೋ ಆಗುತ್ತದೆ. ಬಿಸಿ ದ್ರವ ಸುರಿಸುತ್ತಿರುವ ಆ ಭಾರವನ್ನು ಎತ್ತಿ ಹಿಡಿಯಲು ರಾಟೆ ಬೇಕು ಅಥವಾ ಬಲವಾದ ತೋಳು ಬೇಕು, ಮತ್ತು ತೆಳುವಾದ ಸ್ಟೀಲ್ ಪಾತ್ರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಮ್ಯಾಶ್, ಕುದಿ ಎರಡನ್ನೂ ಒಂದರಲ್ಲೇ ಮಾಡುವ ವಿದ್ಯುತ್ ಯಂತ್ರಗಳು ತಾಪಮಾನವನ್ನು ತಾವೇ ನೋಡಿಕೊಳ್ಳುತ್ತವೆ, ನಡುವೆ ಏರಿಸಬೇಕಾದರೆ ಏರಿಸುತ್ತವೆ. ಇದು ಕೂಲರ್‌ನಿಂದ ಸಾಧ್ಯವಿಲ್ಲದ ಮಾತು. ಹಂತ ಹಂತವಾಗಿ ಬಿಸಿ ಏರಿಸುವ ಮ್ಯಾಶ್‌ಗಳನ್ನೇ ಮಾಡಬೇಕೆಂಬ ಆಸೆಯಿರುವವರು ಆ ಯಂತ್ರಕ್ಕೇ ಹಣ ಕೂಡಿಡಲಿ. ನನಗೆ ಮಾತ್ರ, ಮ್ಯಾಶ್ ಎಂದರೇನೆಂದು ಕಲಿಯುವ ಹಂತದಲ್ಲಿ ಗುಂಡಿ ಒತ್ತುವುದಕ್ಕಿಂತ ನೀರಿನ ಬಿಸಿಯನ್ನು ಲೆಕ್ಕ ಹಾಕಿ ಗುರಿ ಮುಟ್ಟುವುದು ಹೆಚ್ಚು ಕಲಿಸುತ್ತದೆ ಎನಿಸಿದೆ.

ಬೆಲೆಯ ಬಗ್ಗೆ ಹೇಳುವುದಾದರೆ, ಥರ್ಮಾಮೀಟರ್ ಇಲ್ಲದ ಮಾದರಿ ನನಗೆ 200 ಡಾಲರ್ ಒಳಗೆ ಸಿಕ್ಕಿತು. ಕೂಲರ್, ವಾಲ್ವ್, ತಟ್ಟೆಗಳನ್ನು ಬಿಡಿಯಾಗಿ ಕೊಂಡು ತಾವೇ ಜೋಡಿಸಬಲ್ಲವರಿಗೆ ಇನ್ನೂ ಕಡಿಮೆಗೆ ಆಗುತ್ತದೆ, ಏಕೆಂದರೆ ಕೂಲರ್‌ಗೆ ನಲ್ಲಿಯ ತೂತು ಮೊದಲೇ ಇರುತ್ತದೆ. ಆದರೆ ಈ ಬೆಲೆಯಲ್ಲಿ ಸೇರದ ಒಂದು ಖರ್ಚನ್ನು ಮಾರುವವರು ಎದ್ದು ಕಾಣುವಂತೆ ಹೇಳುವುದಿಲ್ಲ: 27 ಲೀಟರ್ ವರ್ಟ್ ಉಕ್ಕದಂತೆ ಕುದಿಯಲು ಕನಿಷ್ಠ 35 ಲೀಟರ್ ಪಾತ್ರೆ ಬೇಕು, ಮನೆಯ ಒಲೆ ಅಷ್ಟನ್ನು ಕುದಿಸಲು ಹೆಣಗುವುದರಿಂದ ಪ್ರೊಪೇನ್ ಬರ್ನರ್ ಬೇಕು. ಆ ಬರ್ನರನ್ನು ಬಯಲಿನಲ್ಲಿಯೇ ಉರಿಸಬೇಕು. ಚಳಿಯೆಂದು ಗ್ಯಾರೇಜಿನೊಳಗೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡಿನಿಂದ ಜೀವಕ್ಕೇ ಅಪಾಯ.

ಕರ್ನಾಟಕದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ, ಮಾರಾಟಕ್ಕಲ್ಲದೆ ಸ್ವಂತಕ್ಕೆಂದು ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದಾಯಿತು. ರಾಜ್ಯಗಳ ಮಟ್ಟದಲ್ಲಿ ಕೊನೆಯ ಅಡ್ಡಿಗಳು ಅಲಬಾಮ ಮತ್ತು ಮಿಸಿಸಿಪ್ಪಿಗಳಲ್ಲಿ 2013ರಲ್ಲಿ ಕಳೆದವು. ಕರ್ನಾಟಕದಲ್ಲಿ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಈ ವಿಮರ್ಶೆಯ ಉಪಯೋಗ ಅದಕ್ಕೆ ಅವಕಾಶವಿರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ.

ತೊಳೆಯುವ ಕೆಲಸ ಹೆಚ್ಚಿನದಲ್ಲ. ಹಾಸನ್ನು ಬೇಗ ಬಗೆದು ಗೊಬ್ಬರದ ಗುಂಡಿಗೆ ಹಾಕಬೇಕು, ಮಾರನೆಯ ದಿನಕ್ಕೆ ಬಿಟ್ಟರೆ ಹುಳಿ ವಾಸನೆ ಕೂಲರ್‌ಗೆ ಹಿಡಿಯುತ್ತದೆ. ಒಂದೆರಡು ಹಿಡಿ ಒಣಗಿಸಿ ಬೀಸಿ ರೊಟ್ಟಿ ಹಿಟ್ಟಿಗೆ ಬೆರೆಸಿ ನೋಡಿದ್ದೇನೆ. ಪರಿಮಳ ಚೆನ್ನಾಗಿರುತ್ತದೆ, ಹೊಟ್ಟು ಹಲ್ಲಿಗೆ ಸಿಗುತ್ತದೆ. ವಾಲ್ವನ್ನು ಆಗಾಗ ಬಿಚ್ಚಿ ಒಳಗಿನ ಸಿಹಿ ಅಂಟನ್ನು ತೊಳೆಯಬೇಕು. ಒಳಪದರವನ್ನು ಸ್ಟೀಲ್ ನಾರಿನಿಂದ ಉಜ್ಜಬಾರದು, ಗೀರು ಬಿದ್ದಲ್ಲಿ ಕೊಳೆ ನಿಲ್ಲುತ್ತದೆ.

ಕೊನೆಯದಾಗಿ ಅಳತೆ. ಇದೇ ಕಿಟ್ 5 ಗ್ಯಾಲನ್, ಅಂದರೆ 19 ಲೀಟರಿನ ಕೂಲರ್‌ನಲ್ಲಿಯೂ ಸಿಗುತ್ತದೆ, ಅಗ್ಗವೂ ಹೌದು. ಐದು ಕಿಲೋ ಧಾನ್ಯದ ಮ್ಯಾಶ್ ಅದರಲ್ಲಿ ಕಂಠದವರೆಗೆ ಬರುತ್ತದೆ, ಕಲಕಿದರೆ ಚೆಲ್ಲುತ್ತದೆ, ಇನ್ನಷ್ಟು ಗಟ್ಟಿ ಬಿಯರ್ ಮಾಡಬೇಕೆಂದರೆ ಜಾಗವೇ ಇರುವುದಿಲ್ಲ. ಹತ್ತು ಲೀಟರಿನ ಸಣ್ಣ ಬ್ಯಾಚುಗಳನ್ನೇ ಮಾಡುವವರಿಗೆ ಮಾತ್ರ ಸಣ್ಣದು ಒಳ್ಳೆಯದು, ಏಕೆಂದರೆ ಎರಡೂವರೆ ಕಿಲೋ ಧಾನ್ಯ ದೊಡ್ಡ ಕೂಲರ್‌ನ ಅಡಿಯಲ್ಲಿ ತೆಳ್ಳಗೆ ಹರಡಿಕೊಂಡು ಸರಿಯಾಗಿ ಸೋಸುವುದೂ ಇಲ್ಲ, ಶಾಖ ಹಿಡಿಯುವುದೂ ಇಲ್ಲ. ಇಪ್ಪತ್ತು ಲೀಟರಿನ ಬ್ಯಾಚ್ ಮಾಡುವವರು 10 ಗ್ಯಾಲನ್ನಿನದನ್ನೇ, ಥರ್ಮಾಮೀಟರಿನ ತೂತು ಇಲ್ಲದ ಮಾದರಿಯಲ್ಲಿ, ಎರಡು ಹೆಚ್ಚಿನ ಸಿಲಿಕೋನ್ ವಾಷರ್‌ಗಳ ಜೊತೆ ತರಿಸಿಕೊಳ್ಳಲಿ.